‘ಪೇಸ್‌ಮೇಕರ್ ಹಾಕ್ಬೇಕು’ ಅಂದಾಗ ‘ಯಾವುದು?’ ಅಂತ ಕೇಳಿ: ಎದೆಯೊಳಗಿನ ಮೂರು ಯಂತ್ರಗಳ ಕಥೆ

ಸಾಮಾನ್ಯವಾಗಿ ನಾನಿಲ್ಲಿ ಎಸ್‌ಐಪಿ, ಇನ್ಶೂರೆನ್ಸ್, ಸಂಬಳದ ಸ್ಲಿಪ್ಪು ಅಂತ ದುಡ್ಡಿನ ವಿಷಯ ಮಾತಾಡ್ತೀನಿ. ಇವತ್ತು ಹೃದಯದ ವಿಷಯ. ಅದರೊಳಗೂ ದುಡ್ಡು ಬರುತ್ತೆ, ಬಿಡಿ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಸ್ಟೆತಸ್ಕೋಪ್ ಮುಟ್ಟಿದವನಲ್ಲ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನ ಹೇಳಬೇಕಾದವರು ಡಾಕ್ಟರು. ಆದ್ರೆ ಅವರು ಹೇಳಿದ ಮೇಲೆ ಫಾರಂ ಮೇಲೆ ಸಹಿ ಹಾಕೋರು ಯಾರು? ನಾವೇ. ಅಪ್ಪ ಐಸಿಯು ಒಳಗಿರ್ತಾರೆ, ಅಮ್ಮ ಹೊರಗಡೆ ಅಳ್ತಾ ಕೂತಿರ್ತಾರೆ, ಇಪ್ಪತ್ತೇಳು ವರ್ಷದ ಮಗನೋ ಮಗಳೋ ಕಾರಿಡಾರ್‌ನಲ್ಲಿ ನಿಂತು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಬೇಕು. ಇವತ್ತಿನ ಮಾತು ಆ ಹತ್ತು ನಿಮಿಷಕ್ಕೆ.

ಫುಟ್‌ಬಾಲ್ ನೋಡೋರಿಗೆ ಈ ತಾರೀಖು ನೆನಪಿರುತ್ತೆ. 2021ರ ಜೂನ್ 12, ಕೋಪನ್‌ಹೇಗನ್. ಯೂರೋ ಟೂರ್ನಿ, ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಮ್ಯಾಚ್. ಮೊದಲ ಅರ್ಧ ಇನ್ನೇನು ಮುಗೀಬೇಕು, ಕ್ರಿಶ್ಚಿಯನ್ ಎರಿಕ್ಸನ್ ಥ್ರೋ ತಗೊಳ್ಳೋಕೆ ಓಡ್ತಾ ಹಾಗೇ ಮುಗ್ಗರಿಸಿ ಬಿದ್ದರು. 29 ವರ್ಷದ ಆಟಗಾರ. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿದ್ರು, ಶಾಕ್ ಕೊಟ್ಟರು, ಜೀವ ವಾಪಸ್ ಬಂತು. ಕೆಲವೇ ದಿನದಲ್ಲಿ ಅವರ ಎದೆಯೊಳಗೆ ಐಸಿಡಿ ಅನ್ನೋ ಯಂತ್ರ ಕೂರಿಸಿದ್ರು. ಇಟಲಿಯ ನಿಯಮದ ಪ್ರಕಾರ ಅದನ್ನ ಇಟ್ಕೊಂಡು ಅಲ್ಲಿನ ಲೀಗ್‌ನಲ್ಲಿ ಆಡೋ ಹಾಗಿಲ್ಲ, ಹಾಗಾಗಿ ಇಂಟರ್ ಮಿಲಾನ್ ಜೊತೆಗಿನ ಒಪ್ಪಂದ ಮುಗೀತು. ಇಂಗ್ಲೆಂಡ್‌ನಲ್ಲಿ ಆ ನಿರ್ಬಂಧ ಇರಲಿಲ್ಲ. 2022ರ ಫೆಬ್ರುವರಿಯಲ್ಲಿ ಬ್ರೆಂಟ್‌ಫರ್ಡ್ ಪರ ಮತ್ತೆ ಮೈದಾನಕ್ಕಿಳಿದರು. 2024ರ ಯೂರೋದಲ್ಲಿ ಸ್ಲೊವೇನಿಯಾ ವಿರುದ್ಧ ಗೋಲೂ ಹೊಡೆದರು.

ಈ ಸುದ್ದಿ ಬಂದಾಗ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲೆಲ್ಲಾ ‘ಎರಿಕ್ಸನ್‌ಗೆ ಪೇಸ್‌ಮೇಕರ್ ಹಾಕಿದ್ದಾರೆ’ ಅಂತ ಓಡಾಡ್ತು. ಅದು ಪೇಸ್‌ಮೇಕರ್ ಅಲ್ಲ. ನಮ್ಮಲ್ಲಿ ಎದೆ ಚರ್ಮದ ಕೆಳಗೆ ಏನೇ ಬ್ಯಾಟರಿ ಇಟ್ಟರೂ ಅದರ ಹೆಸರು ಪೇಸ್‌ಮೇಕರ್. ಆದ್ರೆ ಅಲ್ಲಿರೋದು ಮೂರು ಬೇರೆ ಬೇರೆ ಯಂತ್ರ, ಮೂರು ಬೇರೆ ಬೇರೆ ಕಾಯಿಲೆಗೆ, ಮೂರು ಬೇರೆ ಬೇರೆ ರೇಟಿಗೆ.

ಒಂದೊಂದಾಗಿ ನೋಡೋಣ. ನಮ್ಮ ಹೃದಯ ದಿನಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಸಲ ಬಡಿಯುತ್ತೆ. ಪ್ರತಿ ಬಡಿತಕ್ಕೂ ಮುಂಚೆ ಒಂದು ಸಣ್ಣ ಕರೆಂಟು. ಬಲಗಡೆ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಗಂಟಿನಂಥ ಜಾಗ ಇದೆ, ಕರೆಂಟು ಹುಟ್ಟೋದು ಅಲ್ಲಿ. ಅಲ್ಲಿಂದ ನಡುವಿನ ಒಂದು ಜಂಕ್ಷನ್‌ಗೆ ಬಂದು, ಕ್ಷಣ ನಿಂತು, ಕೆಳಗಿನ ಎರಡು ಕೋಣೆಗೆ ಹರಡುತ್ತೆ. ಹುಟ್ಟೋ ಜಾಗ ಸೋತರೆ ಅಥವಾ ನಡುವೆ ದಾರಿ ಕಟ್ಟಾದ್ರೆ ಬಡಿತ ನಿಧಾನ ಆಗುತ್ತೆ. ಮೂವತ್ತು, ಮೂವತ್ತೈದಕ್ಕೆ ಇಳಿಯುತ್ತೆ. ತಲೆ ಸುತ್ತು, ಸುಸ್ತು, ಇದ್ದಕ್ಕಿದ್ದ ಹಾಗೆ ಕಣ್ಣು ಕತ್ತಲೆ ಬಂದು ಬೀಳೋದು. ಇದಕ್ಕೆ ಹಾಕೋದು ಪೇಸ್‌ಮೇಕರ್. ಬಡಿತ ಬರದೇ ಇದ್ದಾಗ ಅದು ಒಂದು ಸಣ್ಣ ತಟ್ಟು ಕೊಡುತ್ತೆ, ಅಷ್ಟೇ. ಆ ತಟ್ಟು ಹೊತ್ತವರಿಗೆ ಗೊತ್ತೂ ಆಗಲ್ಲ.

ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. 1958, ಸ್ಟಾಕ್‌ಹೋಮ್. ಆರ್ನೆ ಲಾರ್ಸನ್ ಅಂತ 43 ವರ್ಷದ ಎಂಜಿನಿಯರ್. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪಿ ಬೀಳ್ತಿದ್ದರು. ಅವರ ಹೆಂಡತಿ ಎಲ್ಸೆ-ಮರಿ. ಓಕೆ ಸೆನ್ನಿಂಗ್ ಅನ್ನೋ ಸರ್ಜನ್ನು, ರೂನೆ ಎಲ್ಮ್‌ಕ್ವಿಸ್ಟ್ ಅನ್ನೋ ಎಂಜಿನಿಯರ್ರು ಸೇರಿ ಪ್ರಯೋಗ ಮಾಡ್ತಿದ್ದಾರೆ ಅಂತ ಗೊತ್ತಾಗಿ ಈಕೆ ಇಬ್ಬರ ಬೆನ್ನು ಬಿದ್ದರು. ಮನುಷ್ಯರಿಗೆ ಹಾಕೋ ಹಂತಕ್ಕೆ ಯಂತ್ರ ಬಂದಿಲ್ಲ ಅಂದ್ರೂ ಬಿಡಲಿಲ್ಲ. ಕೊನೆಗೆ ಎಲ್ಮ್‌ಕ್ವಿಸ್ಟ್ ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡ್ಕೊಂಡು, ಅದರೊಳಗೆ ಸರ್ಕ್ಯೂಟ್ ಇಟ್ಟು ರಾಳ ಸುರಿದು ಒಂದು ಬಿಲ್ಲೆ ಮಾಡಿದ್ರು. ಅಕ್ಟೋಬರ್ 8ಕ್ಕೆ ಆಪರೇಷನ್. ಮೊದಲನೆಯದು ಕೆಲವೇ ಗಂಟೆ ನಡೀತು, ಎರಡನೆಯದು ಹಾಕಿದ್ರು. ಇನ್ನೊಂದು ಮಜಾ ಅಂದ್ರೆ ಅದರ ಬ್ಯಾಟರಿಯನ್ನ ಚರ್ಮದ ಮೇಲಿಂದಲೇ, ತಂತಿ ಇಲ್ಲದೆ ಚಾರ್ಜ್ ಮಾಡ್ತಿದ್ದರು. ನಮ್ಮ ಫೋನಿಗೆ ಬಂದ ವೈರ್‌ಲೆಸ್ ಚಾರ್ಜಿಂಗು ಮನುಷ್ಯನ ಹೊಟ್ಟೆಗೆ 1958ರಲ್ಲೇ ಬಂದಿತ್ತು! ಲಾರ್ಸನ್ ಬದುಕಿನಲ್ಲಿ ಒಟ್ಟು 26 ಪೇಸ್‌ಮೇಕರ್ ಬದಲಾದವು. 2001ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು, ಅದೂ ಕ್ಯಾನ್ಸರ್‌ನಿಂದ. ಯಂತ್ರ ಮಾಡಿದ ಎಂಜಿನಿಯರು, ಹಾಕಿದ ಸರ್ಜನ್ನು ಇಬ್ಬರೂ ಅವರಿಗಿಂತ ಮೊದಲೇ ಹೋಗಿದ್ದರು.

ಈಗಿನ ಪೇಸ್‌ಮೇಕರ್ ಒಂದು ದೊಡ್ಡ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಕಾಲರ್‌ಬೋನ್ ಕೆಳಗೆ ಚರ್ಮದಡಿ ಇಟ್ಟು, ರಕ್ತನಾಳದ ಮೂಲಕ ತಂತಿಯನ್ನ ಹೃದಯದೊಳಗೆ ಇಳಿಸ್ತಾರೆ. ಬಹುಪಾಲು ಜನಕ್ಕೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡ್ತಾರೆ, ಎದೆ ಸೀಳೋ ಆಪರೇಷನ್ ಅಲ್ಲ. ತಂತಿಯೇ ಇಲ್ಲದ, ಕ್ಯಾಪ್ಸೂಲ್ ಮಾತ್ರೆಯಷ್ಟು ಗಾತ್ರದ್ದೂ ಬಂದಿದೆ. ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ತೊಡೆಸಂದಿನ ನಾಳದಿಂದ ಕಳಿಸಿ ನೇರ ಹೃದಯದೊಳಗೇ ಬಿಟ್ಟು ಬರ್ತಾರೆ.

ಈಗ ಎರಡನೆಯದು, ಐಸಿಡಿ. ಇದು ನಿಧಾನಕ್ಕಲ್ಲ, ಹುಚ್ಚು ವೇಗಕ್ಕೆ. ಕೆಳಗಿನ ಕೋಣೆಗಳು ನಿಮಿಷಕ್ಕೆ ಇನ್ನೂರು, ಮುನ್ನೂರು ಸಲ ಅದುರೋಕೆ ಶುರು ಮಾಡಿದ್ರೆ ರಕ್ತ ಹೊರಗೆ ಹೋಗೋದೇ ಇಲ್ಲ. ಇದೇ ಹೃದಯ ಸ್ತಂಭನ. ಹೃದಯಾಘಾತ ಬೇರೆ, ಅದು ರಕ್ತನಾಳ ಕಟ್ಟಿಕೊಳ್ಳೋದು. ಹೃದಯಾಘಾತ ಪೈಪಿನ ಸಮಸ್ಯೆ, ಸ್ತಂಭನ ಕರೆಂಟಿನ ಸಮಸ್ಯೆ. ಒಂದು ಇನ್ನೊಂದಕ್ಕೆ ಕಾರಣ ಆಗಬಹುದು, ಆದ್ರೆ ಎರಡೂ ಒಂದೇ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದ ಮೇಲೆ ಜಯದೇವ ಆಸ್ಪತ್ರೆ ಮುಂದೆ ಚೆಕಪ್‌ಗೆ ಸಾಲು ನಿಂತಿದ್ದವರಲ್ಲಿ ನಮ್ಮ ವಯಸ್ಸಿನವರೇ ಎಷ್ಟೋ ಜನ. ಆಗಲೂ ಟೀವಿಯಲ್ಲಿ ಈ ಎರಡು ಪದ ಕಲಸಿ ಹೋಗಿದ್ದವು.

ಐಸಿಡಿ ದಿನವಿಡೀ ಲಯ ನೋಡ್ತಾ ಕೂತಿರುತ್ತೆ. ಕೆಟ್ಟ ವೇಗ ಕಂಡರೆ ಮೊದಲು ಸಣ್ಣ ತಟ್ಟುಗಳಿಂದ ಸರಿ ಮಾಡೋಕೆ ನೋಡುತ್ತೆ. ಆಗಲಿಲ್ಲ ಅಂದ್ರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಒಳಗಿನ ಕೆಪಾಸಿಟರ್ ಚಾರ್ಜ್ ಮಾಡ್ಕೊಂಡು ಏಳುನೂರು, ಎಂಟುನೂರು ವೋಲ್ಟಿನ ಶಾಕ್ ಹೊಡೆಯುತ್ತೆ. ಎಚ್ಚರ ಇರುವಾಗ ಹೊಡೆದ್ರೆ ಎದೆಗೆ ಕುದುರೆ ಒದ್ದ ಹಾಗೆ ಇರುತ್ತೆ ಅಂತ ಅನುಭವಿಸಿದವರು ಹೇಳ್ತಾರೆ.

ಇದನ್ನ ಕನಸು ಕಂಡವರು ಮಿಷೆಲ್ ಮಿರೋವ್ಸ್ಕಿ. ವಾರ್ಸಾದಲ್ಲಿ ಹುಟ್ಟಿದ ಯಹೂದಿ ವೈದ್ಯ. 1966ರಲ್ಲಿ ಅವರ ಗುರು ಹ್ಯಾರಿ ಹೆಲ್ಲರ್ ಇದೇ ರೀತಿ ಲಯ ಕೆಟ್ಟು ಸತ್ತರು. ಜೀವನಪೂರ್ತಿ ಆಸ್ಪತ್ರೆಯಲ್ಲೇ ಮಲಗಿಸೋಕಾಗಲ್ಲ, ಹಾಗಾದ್ರೆ ಶಾಕ್ ಮೆಷಿನ್ನನ್ನೇ ಮನುಷ್ಯನ ಒಳಗೆ ಇಟ್ಟರೆ? ಹೃದಯ ತಜ್ಞರಲ್ಲಿ ದೊಡ್ಡ ದೊಡ್ಡವರೇ ಇದು ಹುಚ್ಚು ಅಂದ್ರು. ನಾಯಿಯೊಂದರ ಹೃದಯ ನಿಂತು, ಒಳಗಿನ ಯಂತ್ರ ಶಾಕ್ ಕೊಟ್ಟು, ಅದು ಎದ್ದು ಬಾಲ ಅಲ್ಲಾಡಿಸೋ ಫಿಲ್ಮ್ ತೋರಿಸಿದ್ರೆ, ನಾಯಿಗೆ ಬೀಳೋಕೆ ಟ್ರೇನಿಂಗ್ ಕೊಟ್ಟಿದ್ದಾರೆ ಅಂದವರೂ ಇದ್ದರಂತೆ! 1980ರ ಫೆಬ್ರುವರಿ 4ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದ್ರು. 1985ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಮೂರನೆಯದು ಸಿಆರ್‌ಟಿ. ಇದು ಹೃದಯ ವೈಫಲ್ಯಕ್ಕೆ. ವೈಫಲ್ಯ ಅಂದ ತಕ್ಷಣ ಹೃದಯ ನಿಂತೇ ಹೋಯ್ತು ಅಂತಲ್ಲ, ಪಂಪು ದುರ್ಬಲ ಆಗಿದೆ ಅಂತ. ನಾಲ್ಕು ಮೆಟ್ಟಿಲು ಹತ್ತಿದ್ರೆ ಉಸಿರು, ಕಾಲು ಊತ, ರಾತ್ರಿ ಎರಡು ದಿಂಬು ಬೇಕು. ಇಂಥವರಲ್ಲಿ ಕೆಲವರಿಗೆ ಎಡಗಡೆ ಕರೆಂಟಿನ ದಾರಿ ಕೆಟ್ಟು, ಎಡಕೋಣೆಯ ಗೋಡೆಗಳು ಹಿಂದೆ ಮುಂದೆ ಹಿಂಡ್ತವೆ. ತೇರು ಎಳೆಯೋದು ನೆನೆಸ್ಕೊಳ್ಳಿ. ಒಂದು ಹಗ್ಗದವರು ಈಗ ಎಳೆದು, ಇನ್ನೊಂದು ಹಗ್ಗದವರು ಆಮೇಲೆ ಎಳೆದ್ರೆ ತೇರು ಅಲ್ಲೇ ಅಲ್ಲಾಡುತ್ತೆ, ಮುಂದೆ ಹೋಗಲ್ಲ. ಸಿಆರ್‌ಟಿ ಎಡಗಡೆಗೂ ಒಂದು ತಂತಿ ಕಳಿಸಿ ಎರಡೂ ಕಡೆ ಒಟ್ಟಿಗೆ ಎಳೆಯೋ ಹಾಗೆ ಮಾಡುತ್ತೆ. ಸರಿಯಾದ ರೋಗಿಗೆ ಹಾಕಿದ್ರೆ ಫಲಿತಾಂಶ ಸಖತ್ತಾಗಿದೆ. 2005ರಲ್ಲಿ ಬಂದ ಕೇರ್-ಎಚ್‌ಎಫ್ ಅನ್ನೋ ಅಧ್ಯಯನದಲ್ಲಿ ಸಾವಿನ ಅಪಾಯ ಶೇ 36ರಷ್ಟು ಇಳಿದಿತ್ತು. ಸರಿಯಾದ ರೋಗಿ ಅನ್ನೋದು ಹೆಚ್ಚಾಗಿ ಇಸಿಜಿಯಲ್ಲೇ ಗೊತ್ತಾಗುತ್ತೆ. ಕ್ಯೂಆರ್‌ಎಸ್ ಅನ್ನೋ ಅಲೆಯ ಅಗಲ 150 ಮಿಲಿಸೆಕೆಂಡ್ ದಾಟಿದ್ರೆ, ಅದರಲ್ಲೂ ಎಡಗಡೆ ದಾರಿ ಕಟ್ಟಾದ ನಮೂನೆ ಇದ್ದರೆ ಲಾಭ ಜಾಸ್ತಿ. ಸಿಆರ್‌ಟಿಗೆ ಶಾಕ್ ಕೊಡೋ ಶಕ್ತಿಯನ್ನೂ ಸೇರಿಸಿದ್ರೆ ಅದು ಸಿಆರ್‌ಟಿ-ಡಿ. ಕೊನೆಯ ‘ಡಿ’ ಒಂದೇ ಅಕ್ಷರ. ಬಿಲ್ಲಿನಲ್ಲಿ ಮಾತ್ರ ಒಂದೇ ಅಕ್ಷರದಷ್ಟು ಇರಲ್ಲ.

ಈಗ ಮನೆ ವಿಷಯಕ್ಕೆ ಬರ್ತೀನಿ. ನಮ್ಮ ದೊಡ್ಡಪ್ಪ ತಿಪಟೂರಲ್ಲಿ ಕೊಬ್ಬರಿ ಮಂಡಿ ನಡೆಸ್ತಾರೆ. ಹೋದ ವರ್ಷ ಹೃದಯಾಘಾತ ಆಗಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿದ್ವಿ. ಡಿಸ್ಚಾರ್ಜ್ ಹಿಂದಿನ ದಿನ ಅಲ್ಲಿನ ಸಿಬ್ಬಂದಿ ಬಂದು, ‘ಪಂಪಿಂಗ್ ಮೂವತ್ತಿದೆ, ಪೇಸ್‌ಮೇಕರ್ ಹಾಕ್ಬೇಕಾಗುತ್ತೆ, ನಾಲ್ಕೂವರೆ ಲಕ್ಷ, ನಾಳೆಯೊಳಗೆ ಹೇಳಿ’ ಅಂದ್ರು. ಅಣ್ಣ ನನಗೆ ಫೋನ್ ಮಾಡಿದ. ‘ನೀನು ಲೆಕ್ಕದವನಲ್ವೇನೋ, ಬಂದು ನೋಡು.’

ನಾನು ಹೋಗಿ ಕೇಳಿದ ಮೊದಲ ಪ್ರಶ್ನೆ, ಯಾವುದು ಸರ್? ಆಗ ಗೊತ್ತಾಯ್ತು, ಅವರು ಹೇಳ್ತಿದ್ದದ್ದು ಐಸಿಡಿ. ದೊಡ್ಡಪ್ಪ ಮಲಗಿದಲ್ಲಿಂದಲೇ, ‘ಅದು ಒಳಗಿಂದ ಹೊಡೆಯುತ್ತಂತೆ ಹೌದೇನೋ?’ ಅಂದ್ರು. ‘ಬೇಕಾದಾಗ ಮಾತ್ರ ದೊಡ್ಡಪ್ಪ’ ಅಂದೆ. ‘ಬೇಕು ಅಂತ ತೀರ್ಮಾನ ಮಾಡೋರು ಯಾರು, ನಾನೋ ಅದೋ?’ ಅಂದ್ರು. ನಲವತ್ತು ವರ್ಷ ವ್ಯಾಪಾರ ಮಾಡಿದವರು ನೋಡಿ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ರು.

ಇನ್ನೊಬ್ಬ ಹೃದಯ ತಜ್ಞರಿಗೆ ಫೈಲ್ ತೋರಿಸಿದ್ವಿ. ಅವರು ಹೇಳಿದ್ದು ಇಷ್ಟು: ಹೃದಯಾಘಾತ ಆದ ತಕ್ಷಣದ ಪಂಪಿಂಗ್ ನೋಡಿ ಮುನ್ನೆಚ್ಚರಿಕೆಯ ಐಸಿಡಿ ಹಾಕೋದು ಪದ್ಧತಿ ಅಲ್ಲ. ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ರೆ ಸುಮಾರು ಮೂರು ತಿಂಗಳು ಮಾತ್ರೆ ಸರಿಯಾಗಿ ಕೊಟ್ಟು ಮತ್ತೆ ಎಕೋ ಮಾಡ್ಬೇಕು. ಆಗಲೂ 35ಕ್ಕಿಂತ ಮೇಲೆ ಏರದಿದ್ರೆ ಮಾತಾಡೋಣ ಅಂತ. ಮನೆಗೆ ಬಂದು ಓದಿದ್ರೆ ಹೌದು, ಇದು ಅವರ ಸ್ವಂತ ಅಭಿಪ್ರಾಯ ಅಲ್ಲ, ಜಗತ್ತಿನ ಮಾರ್ಗಸೂಚಿಗಳಲ್ಲೇ ಇರೋದು. ಹೃದಯಾಘಾತ ಆದ ಕೆಲವೇ ವಾರದೊಳಗೆ ಐಸಿಡಿ ಹಾಕಿ ನೋಡಿದ ಡಿನಾಮಿಟ್ ಅನ್ನೋ ಅಧ್ಯಯನ 2004ರಲ್ಲಿ ಬಂದಿತ್ತು, ಒಟ್ಟು ಸಾವು ಕಮ್ಮಿ ಆಗಿರಲಿಲ್ಲ. ದೊಡ್ಡಪ್ಪ ಮೂರು ತಿಂಗಳು ಬೀಡಿ ಬಿಟ್ಟು, ಉಪ್ಪಿನಕಾಯಿ ಬಿಟ್ಟು, ಮಾತ್ರೆ ತಪ್ಪಿಸದೆ ತಗೊಂಡರು. ಎಕೋದಲ್ಲಿ 41 ಬಂತು. ಯಂತ್ರ ಬೇಕಾಗಲಿಲ್ಲ.

ಇದನ್ನ ಕೇಳಿ, ‘ಓ, ಎಲ್ಲಾ ಆಸ್ಪತ್ರೆಯ ಮೋಸ, ಕಾಯೋಣ’ ಅಂತ ಯಾರಾದ್ರೂ ಅಂದ್ಕೊಂಡ್ರೆ ದಯವಿಟ್ಟು ಇಲ್ಲೇ ನಿಲ್ಲಿ. ನಮ್ಮ ಬೀದಿಯಲ್ಲಿ ಎಪ್ಪತ್ತು ವರ್ಷದ ಒಬ್ಬರು ಅಜ್ಜಿ ಇದ್ದಾರೆ. ನಡುವಿನ ಕರೆಂಟಿನ ದಾರಿ ಪೂರ್ತಿ ಕಟ್ಟಾಗಿದೆ, ಪೇಸ್‌ಮೇಕರ್ ಬೇಕು ಅಂದಿದ್ದರು. ಹಬ್ಬ ಮುಗೀಲಿ ಅಂತ ಮನೆಯವರು ಮುಂದೂಡಿದ್ರು. ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದು ಸೊಂಟದ ಮೂಳೆ ಮುರೀತು. ಪೇಸ್‌ಮೇಕರ್ ಹಾಕಿದ್ದು ಗಂಟೆಯೊಳಗಿನ ಕೆಲಸ, ಸೊಂಟ ಸರಿಯಾಗೋಕೆ ಆರು ತಿಂಗಳು. ಪೂರ್ತಿ ಬ್ಲಾಕ್ ಆಗಿ ಬೀಳ್ತಿರೋರು ಕಾಯಬಾರದು. ಎರಿಕ್ಸನ್ ಥರ ಒಮ್ಮೆ ಹೃದಯ ನಿಂತು ಬದುಕಿದವರೂ ಸಾಮಾನ್ಯವಾಗಿ ಕಾಯೋ ಗುಂಪಲ್ಲ. ಕಾಯೋ ಮಾತು ಬರೋದು ‘ಮುಂದೆ ಆಗಬಹುದು’ ಅಂತ ಹಾಕೋ ಯಂತ್ರಕ್ಕೆ.

ಆ ‘ಮುಂದೆ ಆಗಬಹುದು’ ಅನ್ನೋದರ ಲೆಕ್ಕ ಕೇಳಿ, ಇದು ನನ್ನ ಏರಿಯಾ. ಹೃದಯ ವೈಫಲ್ಯ ಇದ್ದ 2,521 ಜನರ ಮೇಲೆ ನಡೆದ ಎಸ್‌ಸಿಡಿ-ಹೆಫ್ಟ್ ಅನ್ನೋ ಅಧ್ಯಯನ 2005ರಲ್ಲಿ ಬಂತು. ಐಸಿಡಿಯಿಂದ ಸಾವಿನ ಅಪಾಯ ಶೇ 23ರಷ್ಟು ಕಮ್ಮಿ. ಬ್ರೋಷರ್‌ನಲ್ಲಿ ಕಾಣೋದು ಈ ಥರದ ಸಂಖ್ಯೆ. ಬಿಡಿಸಿ ನೋಡಿ. ಐದು ವರ್ಷದ ಲೆಕ್ಕದಲ್ಲಿ ಯಂತ್ರ ಇಲ್ಲದ ನೂರು ಜನರಲ್ಲಿ 36 ಜನ ತೀರಿಕೊಂಡರು, ಯಂತ್ರ ಇದ್ದ ನೂರರಲ್ಲಿ 29. ಅಂದ್ರೆ ನೂರು ಜನಕ್ಕೆ ಹಾಕಿದ್ರೆ ಏಳು ಜೀವ ಹೆಚ್ಚು ಉಳೀತು. ನಿಮ್ಮ ಅಪ್ಪ ಆ ಏಳರಲ್ಲಿ ಒಬ್ಬರಾದ್ರೆ ನಾಲ್ಕೂವರೆ ಲಕ್ಷ ಏನೂ ಅಲ್ಲ. ಆದ್ರೆ ಯಾರು ಆ ಏಳು ಅಂತ ಮುಂಚೆ ಯಾರಿಗೂ ಗೊತ್ತಿರಲ್ಲ. ಜೊತೆಗೆ ಬೇಡದ ಶಾಕ್ ಇದೆ. ಮೇಲಿನ ಕೋಣೆಯ ಬೇರೆ ಲಯವನ್ನ ಯಂತ್ರ ತಪ್ಪಾಗಿ ಅರ್ಥ ಮಾಡ್ಕೊಂಡು ಹೊಡೆದುಬಿಡೋದು. 2002ರ ಮ್ಯಾಡಿಟ್-2 ಅಧ್ಯಯನದಲ್ಲಿ ಐಸಿಡಿ ಹೊತ್ತ ನೂರರಲ್ಲಿ ಹನ್ನೊಂದು ಹನ್ನೆರಡು ಜನಕ್ಕೆ ಹೀಗಾಗಿತ್ತು. ಈಗ ಪ್ರೋಗ್ರಾಮಿಂಗ್ ಸುಧಾರಿಸಿದೆ, ಅದು ಇಳಿದಿದೆ. ನನ್ನ ಕೇಳಿದ್ರೆ ಇದು ಒಳ್ಳೆ ಇನ್ಶೂರೆನ್ಸ್ ಪಾಲಿಸಿ. ಆದ್ರೆ ಪಾಲಿಸಿ ಪೇಪರ್ ಓದದೆ ಸಹಿ ಹಾಕಬೇಡಿ ಅಂತ ನಾನು ಪ್ರತಿ ಎಪಿಸೋಡಲ್ಲೂ ಬಡ್ಕೋತೀನಿ ತಾನೇ?

ರೇಟಿನ ವಿಷಯ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಔಷಧ ಲೇಪಿತ ಸ್ಟೆಂಟಿಗೆ ಆಗ 29,600 ರೂಪಾಯಿ. ಅಂಥ ಗರಿಷ್ಠ ಬೆಲೆ ಪೇಸ್‌ಮೇಕರ್‌ಗೆ ಬರಲಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲಾ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನೊಳಗೆ ಬಂದಿರೋದರಿಂದ ಎಂಆರ್‌ಪಿಯನ್ನ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸೋ ಹಾಗಿಲ್ಲ. ಸರಿ, ಆದ್ರೆ ಮೊದಲ ಬೆಲೆ? ಅದು ಕಂಪನಿಗೆ ಬಿಟ್ಟದ್ದು. ಹಾಗಾಗಿ ಕೊಟೇಶನ್‌ನಲ್ಲಿ ಕಂಪನಿ, ಮಾಡೆಲ್, ಎಷ್ಟು ತಂತಿ, ಎಂಆರ್‌ಐ ಮಾಡಬಹುದಾದದ್ದಾ ಇಲ್ವಾ, ವಾರಂಟಿ ಎಷ್ಟು ವರ್ಷ, ಇಷ್ಟನ್ನೂ ಬರೆಸ್ಕೊಳ್ಳಿ. ಬ್ಯಾಟರಿ ಎಷ್ಟು ವರ್ಷ ಬರುತ್ತೆ ಅಂತ ಕೇಳಿ. ಪೇಸ್‌ಮೇಕರ್‌ದು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ. ಮುಗಿದ ಮೇಲೆ ಡಬ್ಬಿ ಬದಲಾಯಿಸ್ತಾರೆ, ತಂತಿ ಚೆನ್ನಾಗಿದ್ರೆ ಅದೇ ಇರುತ್ತೆ. ಐವತ್ತು ವರ್ಷದವರಿಗೆ ಹಾಕಿದ್ರೆ ಮುಂದೆ ಎರಡು ಮೂರು ಸಲ ಈ ಖರ್ಚು ಬರುತ್ತೆ, ಅದನ್ನೂ ಬಜೆಟ್‌ಗೆ ಹಾಕಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ ಒಂದೂವರೆ ಲಕ್ಷ. ನಿಮಗೆ ಹೇಳಿರೋ ಯಂತ್ರ ಪ್ಯಾಕೇಜಲ್ಲಿ ಇದೆಯಾ ಅಂತ ಅಡ್ವಾನ್ಸ್ ಕಟ್ಟೋ ಮುಂಚೆ ಆರೋಗ್ಯಮಿತ್ರರನ್ನ ಕೇಳಿ. ಕಟ್ಟಿದ ಮೇಲಲ್ಲ.

ಹಾಕಿಸಿದ ಮೇಲಿನ ಬದುಕು ಬೇಗ ಹೇಳಿಬಿಡ್ತೀನಿ. ಮೊದಲ ಕೆಲವು ವಾರ ಆ ಕಡೆಯ ಕೈಯನ್ನ ಭುಜದ ಮೇಲೆ ಎತ್ತೋದು, ಭಾರ ಎತ್ತೋದು ಬೇಡ, ತಂತಿ ಜರುಗಬಹುದು. ಫೋನು ಅಂಗಿಯ ಎಡ ಜೇಬಲ್ಲಿ ಬೇಡ. 2021ರ ಶುರುವಿನಲ್ಲಿ ಅಮೆರಿಕದ ವೈದ್ಯರು ಐಫೋನ್ 12ರ ಹಿಂಬದಿಯ ಆಯಸ್ಕಾಂತ ಹತ್ತಿರ ಹಿಡಿದಾಗ ಐಸಿಡಿ ಶಾಕ್ ಕೊಡೋ ಕೆಲಸವನ್ನೇ ನಿಲ್ಲಿಸಿದ್ದನ್ನ ವರದಿ ಮಾಡಿದ್ರು. ಆ್ಯಪಲ್ ಕಂಪನಿಯೇ 15 ಸೆಂಟಿಮೀಟರ್ ದೂರ, ವೈರ್‌ಲೆಸ್ ಚಾರ್ಜಿಂಗ್ ಆಗ್ತಿದ್ರೆ 30 ಸೆಂಟಿಮೀಟರ್ ದೂರ ಇಡಿ ಅನ್ನುತ್ತೆ. ಫೋನ್ ಬಳಸಬಾರದು ಅಂತಲ್ಲ. ಇನ್ನೊಂದು ಕಿವಿಗೆ ಹಿಡಿದು ಮಾತಾಡಿ, ಪ್ಯಾಂಟಿನ ಜೇಬಲ್ಲಿಡಿ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಿ. ಮಿಕ್ಸಿ, ಟೀವಿ, ಮೈಕ್ರೊವೇವ್ ಚಿಂತೆ ಇಲ್ಲ. ಯಂತ್ರದ ಕಾರ್ಡು ಪರ್ಸಲ್ಲಿರಲಿ, ಅದರ ಫೋಟೊ ನಿಮ್ಮ ಫೋನಲ್ಲೂ ಇರಲಿ.

ಇನ್ನೆರಡು ವಿಷಯ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಯಾರೂ ಮಾತಾಡಲ್ಲ. ಒಂದು, ಐಸಿಡಿ ಇದ್ದವರು ಕ್ಯಾನ್ಸರೋ ಮತ್ತೊಂದೋ ಆಗಿ ಕೊನೆಯ ದಿನಗಳಲ್ಲಿದ್ದಾಗ ಹೃದಯ ತಾನಾಗೇ ನಿಲ್ಲೋಕೆ ಹೊರಡುತ್ತೆ, ಯಂತ್ರ ಬಿಡಲ್ಲ, ಮತ್ತೆ ಮತ್ತೆ ಹೊಡೆಯುತ್ತೆ. ಶಾಕ್ ಭಾಗವನ್ನ ಮಾತ್ರ ಹೊರಗಿನಿಂದಲೇ ಆಫ್ ಮಾಡಬಹುದು, ಕತ್ತರಿ ಬೇಡ, ನೋವಿಲ್ಲ. ಅದರಿಂದ ಸಾವು ತಕ್ಷಣ ಬರೋದೂ ಇಲ್ಲ. ಇದನ್ನ ಹಾಕಿಸೋ ದಿನವೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಯಾರಿಗೂ ಬಾಯಿ ಬರಲ್ಲ.

ಎರಡು, ದಹನ. ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತೆ. ಸೌದೆಯಾಗಲಿ, ವಿದ್ಯುತ್ ಚಿತಾಗಾರವಾಗಲಿ, ಮುಂಚೆಯೇ ತೆಗೆಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿಯೇ ಹೇಳಿ, ಮನೆಯಲ್ಲಾದ್ರೆ ಡಾಕ್ಟರನ್ನ ಕರೆಸಿ, ಚಿತಾಗಾರದವರಿಗೂ ತಿಳಿಸಿ. ಹಾಗೆ ತೆಗೆದ ಯಂತ್ರ ಏನಾಗುತ್ತೆ? ಹೆಚ್ಚಾಗಿ ಕಸ. ಆದ್ರೆ ಬ್ಯಾಟರಿ ಉಳಿದಿರೋ ಯಂತ್ರಗಳನ್ನ ಶುದ್ಧ ಮಾಡಿ ಬಡವರಿಗೆ ಮತ್ತೆ ಹಾಕಿದ ಅನುಭವವನ್ನ ಮುಂಬೈನ ವೈದ್ಯರು 2012ರಲ್ಲೇ ಬರೆದಿದ್ದಾರೆ. ಕೆನಡಾದಿಂದ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಗೆ ಕಳಿಸಿದ ಇಂಥ ಯಂತ್ರಗಳನ್ನ ಹಾಕಿಸಿಕೊಂಡ 1,051 ಜನರ ಫಲಿತಾಂಶ 2020ರಲ್ಲಿ ಬಂತು. ಹೊಸ ಯಂತ್ರದವರಿಗೂ ಇವರಿಗೂ ಸೋಂಕಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಣ್ಣು ದಾನಕ್ಕೆ ನಮ್ಮಲ್ಲಿ ಫಾರಂ ತುಂಬ್ತಾರೆ. ಪೇಸ್‌ಮೇಕರ್ ದಾನ ಅಂದ್ರೆ ನಮ್ಮ ಮನೆಯಲ್ಲೇ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ‘ಒಳ್ಳೆ ಮಾಲು ಯಾಕೋ ಸುಡ್ಬೇಕು’ ಅಂದ್ರು.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಇಂಥ ಯಂತ್ರ ಹಾಕಿದ್ರೆ, ಇವತ್ತು ಮನೆಗೆ ಹೋಗಿ ಆ ಕಾರ್ಡ್ ತೆಗೆದು ಮೂರರಲ್ಲಿ ಯಾವುದು ಅಂತ ನೋಡಿ, ನನಗೂ ಬರೆದು ಕಳಿಸಿ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಇಂಪ್ಲಾಂಟ್ ಕ್ಲೇಮ್ ಹೇಗೆ ಮಾಡೋದು ಅಂತ ಮಾತಾಡೋಣ. ಸಿಗ್ತೀನಿ.